ಒಬ್ಬೊಬ್ಬರೇ ಬಾರಿಸಿದರೆ ಸರಿ, ಕೂಡಿದರೆ ಗದ್ದಲ: ಪದರ ಪದರದ ಗಿಟಾರ್ ಹಾಡಿನಲ್ಲಿ ತಪ್ಪು ಹುಡುಕುವ ಬಗೆ

ಜುಲೈ ತಿಂಗಳ ಒಂದು ಭಾನುವಾರ. ಬೆಳಗಾವಿಯ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಟಿಳಕವಾಡಿಯಲ್ಲಿ ಮೂರನೇ ರೈಲ್ವೆ ಗೇಟಿನ ಹತ್ತಿರ ನಾವು ನಾಲ್ಕು ಜನ ಗೆಳೆಯರು ಪ್ರಾಕ್ಟೀಸಿಗೆ ಅಂತ ಒಂದು ಕೋಣೆ ಬಾಡಿಗೆ ಹಿಡಿದಿದ್ದೇವೆ. ಅವತ್ತು ನಮ್ಮ ಓಣಿಯ ಇಬ್ಬರು ಕಾಲೇಜು ಹುಡುಗರು ಗಿಟಾರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಅಲ್ಲಿಗೆ ಬಂದರು. ಎರಡು ತಿಂಗಳಿಂದ ಒಂದೇ ಹಾಡಿನ ಹಿಂದೆ ಬಿದ್ದಿದ್ದರು. ಅಮೆರಿಕದ ರಾಕ್ ತಂಡ ಈಗಲ್ಸ್‌ನ 'ಹೋಟೆಲ್ ಕ್ಯಾಲಿಫೋರ್ನಿಯಾ'. ಆರೂವರೆ ನಿಮಿಷದ ಹಾಡು.

"ಅಣ್ಣಾ, ಒಬ್ಬೊಬ್ಬರ ಬಾರಿಸಿದ್ರ ಬರೋಬ್ಬರಿ ಬರ್ತೈತಿ. ಕೂಡಿ ಬಾರಿಸಿದ್ರ ಗದ್ಲ ಆಗ್ತೈತಿ. ಎಲ್ಲಿ ತಪ್ಪಾಗಾಕತ್ತೈತಿ ಅಂತ ಗೊತ್ತಾಗವಲ್ದು" ಅಂದ ದೊಡ್ಡವನು.

ಬಾರಿಸಿ ತೋರಿಸಿದರು. ಅವನು ಹೇಳಿದ್ದು ನಿಜ. ಇಬ್ಬರದೂ ಕೈ ಚೆನ್ನಾಗಿದೆ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುವಾಗ ತಡವರಿಸುವುದಿಲ್ಲ. ಆದರೆ ಕೂಡಿದ ಕೂಡಲೇ ಎರಡು ರೇಡಿಯೋ ಒಟ್ಟಿಗೆ ಹಚ್ಚಿದ ಹಾಗೆ ಕೇಳುತ್ತಿತ್ತು.

ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನನ್ನದು ಮೆಂಟೆನನ್ಸ್ ಕೆಲಸ. ಲೇಥ್ ಮಷೀನ್ ಸದ್ದು ಮಾಡಿದರೆ ನಾವು ಮೊದಲು ಬೆಲ್ಟ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ ನೋಡುತ್ತೇವೆ. ಸದ್ದು ನಿಂತರೆ ತಪ್ಪು ಬೆಲ್ಟಿನ ಆಚೆ ಇದೆ. ನಿಲ್ಲದಿದ್ದರೆ ಮೋಟಾರಿನಲ್ಲೇ ಇದೆ. ಇನ್ನೊಂದು ನಿಯಮ, ಒಂದೇ ಸಲಕ್ಕೆ ಎರಡು ಕಡೆ ಕೈ ಹಾಕಬಾರದು. ಎರಡು ಕಡೆ ಬದಲಿಸಿ ಸರಿ ಹೋದರೆ ಯಾವುದರಿಂದ ಸರಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಹಾಡಿಗೂ ನಾನು ಇದೇ ದಾರಿ ಹಿಡಿಯುತ್ತೇನೆ. ವರ್ಷಗಳ ಅನುಭವದಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಇಂಥ ಹಾಡು ಕೆಟ್ಟಾಗ ತಪ್ಪು ಬೆರಳಿನಲ್ಲಿ ಇರುವುದು ಕಡಿಮೆ. ಮೂರು ಗಿಟಾರ್ ಇರುವ ಕಡೆ ಕಿವಿ ಒಂದೇ ಗಿಟಾರ್ ಅಂದುಕೊಂಡಿರುತ್ತದೆ, ತಪ್ಪು ಅಲ್ಲಿರುತ್ತದೆ.

ಇಬ್ಬರೂ ಕಲಿತದ್ದು ಒಂದೇ ಹಾಡಾ?

ಕೇಳುವುದಕ್ಕೆ ಸರಳ ಪ್ರಶ್ನೆ. ಆದರೆ ಮೊದಲು ಇದನ್ನೇ ಕೇಳಬೇಕು. ಇಬ್ಬರ ಮೊಬೈಲ್ ತೆಗೆಸಿ, ಯಾವ ರೆಕಾರ್ಡಿಂಗ್ ಕೇಳಿ ಕಲಿತಿರಿ ಅಂತ ನೋಡಿದೆ. ದೊಡ್ಡವನು ಕೇಳಿದ್ದು 1976ರ ಡಿಸೆಂಬರಿನಲ್ಲಿ ಬಂದ ಆಲ್ಬಮ್ಮಿನದು. ಚಿಕ್ಕವನು ಕೇಳಿದ್ದು ಅದೇ ತಂಡ 1994ರಲ್ಲಿ ಮತ್ತೆ ಒಂದಾಗಿ ಜನರ ಮುಂದೆ ನುಡಿಸಿದ್ದು. ಹಾಡು ಒಂದೇ, ಎರಡರ ಸ್ಕೇಲೂ (ಸ್ವರಸಾಲು) ಬಿ ಮೈನರ್. ಆದರೆ ಆಲ್ಬಮ್ಮಿನಲ್ಲಿ ಹಾಡು ಶುರುವಾಗುವುದು 12 ತಂತಿಯ ಗಿಟಾರಿನಿಂದ. 1994ರದು ನೈಲಾನ್ ತಂತಿಯ ಗಿಟಾರಿನಿಂದ ಶುರುವಾಗುತ್ತದೆ, ಅದರ ಮುನ್ನುಡಿಯನ್ನೇ ಹೊಸದಾಗಿ ಕಟ್ಟಿದ್ದಾರೆ. ಒಬ್ಬ ಒಂದರಿಂದ, ಇನ್ನೊಬ್ಬ ಇನ್ನೊಂದರಿಂದ ಕಲಿತರೆ ಕೈ ಎಷ್ಟು ಚೆನ್ನಾಗಿದ್ದರೂ ಕೂಡುವುದಿಲ್ಲ ಅಲ್ವಾ?

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಒಂದೇ ಫೈಲ್ ಇಬ್ಬರ ಮೊಬೈಲಿಗೂ ಹಾಕಿದೆ, ಇನ್ನೊಂದನ್ನು ಅಳಿಸಿಸಿದೆ. ಚಿಕ್ಕವನ ಮುಖ ಬಾಡಿತು. ಎರಡು ತಿಂಗಳ ಕೆಲಸ ಅದು. "ಹಾಳಾಗಿಲ್ಲ ತಮ್ಮಾ, ಕಾರ್ಡ್ ಎಲ್ಲಾ ಅವ ಅದಾವು, ಮುನ್ನುಡಿ ಅಷ್ಟ ಬದಲಿಸು" ಅಂದೆ.

ಇದೇ ಜಾತಿಯ ಇನ್ನೊಂದು ತಪ್ಪು ಇದೆ. ಕಲಿಸುವ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಕೂತು ಇಡೀ ಹಾಡು ತೋರಿಸುತ್ತಾರೆ. ಎರಡು ಮೂರು ಗಿಟಾರಿನ ಮುಖ್ಯ ಸ್ವರಗಳನ್ನು ಹೆಕ್ಕಿ ಒಂದೇ ಕೈಗೆ ಹೊಂದಿಸಿರುತ್ತಾರೆ. ಒಬ್ಬರೇ ನುಡಿಸುವುದಾದರೆ ಅದು ಬಹಳ ಒಳ್ಳೆಯದು. ಇಬ್ಬರು ಕೂಡುವಾಗ ಮಾತ್ರ ಒಬ್ಬನ ಕೈಯಲ್ಲಿ ಇನ್ನೊಬ್ಬನ ಕೆಲಸವೂ ಸೇರಿಕೊಂಡು ಒಂದೇ ಸ್ವರ ಎರಡು ಸಲ ಬೀಳುತ್ತದೆ. ಇದನ್ನು ಗುರುತಿಸಲು ಒಂದು ಗುರುತು ಇದೆ. ಬೆರಳು ಎಷ್ಟು ಚಾಚಿದರೂ ಎಟುಕದ ಹಿಡಿತ ಬಂದರೆ, ಅಥವಾ ಒಂದು ಸ್ವರ ಇನ್ನೂ ಎಳೆದು ನಿಂತಿರುವಾಗಲೇ ಕೈ ಬೇರೆ ಕಡೆ ಹಾರಬೇಕಾಗಿ ಬಂದರೆ, ಅಲ್ಲಿ ರೆಕಾರ್ಡಿಂಗಿನಲ್ಲಿ ಇಬ್ಬರು ಇದ್ದಾರೆ ಅಂತ ತಿಳಿಯಿರಿ. ಈ ಹಾಡನ್ನು ವೇದಿಕೆಯ ಮೇಲೆ ನುಡಿಸುವಾಗ ಆ ತಂಡದ ಗಿಟಾರಿಸ್ಟ್ ಡಾನ್ ಫೆಲ್ಡರ್ ಕೈಯಲ್ಲಿ ಎರಡು ನೆಕ್ (ಬೆರಳು ಒತ್ತುವ ಉದ್ದ ಕುತ್ತಿಗೆ) ಇರುವ ಗಿಬ್ಸನ್ ಗಿಟಾರ್ ಇರುತ್ತಿತ್ತು. ಒಂದರಲ್ಲಿ 12 ತಂತಿ, ಇನ್ನೊಂದರಲ್ಲಿ 6. ಸ್ಟುಡಿಯೋದಲ್ಲಿ ಬೇರೆ ಬೇರೆಯಾಗಿ ಹಾಕಿದ ಪದರಗಳನ್ನು ಒಬ್ಬನೇ ನಿಂತು ನುಡಿಸಬೇಕಲ್ಲ, ಅದಕ್ಕೆ.

ಶ್ರುತಿ: ಒಬ್ಬೊಬ್ಬರದು ಸರಿ, ಒಬ್ಬರಿಗೊಬ್ಬರದು ಅಲ್ಲ

ಎರಡನೇ ಪರೀಕ್ಷೆ. ಇಬ್ಬರೂ ಒಂದೇ ಸ್ವರವನ್ನು ಒಟ್ಟಿಗೆ ಮೀಟಿ, ತಂತಿ ತಾನಾಗಿ ಆರುವ ತನಕ ಕೇಳಬೇಕು. ಸ್ವರ ಹೊಯ್ದಾಡಿದರೆ, ಅಂದರೆ ವಾ-ವಾ-ವಾ ಅಂತ ದೊಡ್ಡದು ಸಣ್ಣದು ಆದರೆ, ಶ್ರುತಿ ಕೂಡಿಲ್ಲ. ಇದರ ಲೆಕ್ಕ ಸುಲಭ. ಒಂದು ಗಿಟಾರ್ 440 ಹರ್ಟ್ಜ್, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಹೊಯ್ದಾಟ ಕೇಳುತ್ತದೆ. ಹೊಯ್ದಾಟ ನಿಧಾನವಾದಷ್ಟೂ ಎರಡೂ ಹತ್ತಿರ ಬರುತ್ತಿವೆ ಅಂತ ಅರ್ಥ. ನಿಂತರೆ ಕೂಡಿತು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿ ಶ್ರುತಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅನ್ನುವುದು ಹಿಂದುಸ್ತಾನಿ ಕೇಳುವವರಿಗೆಲ್ಲ ಗೊತ್ತು. ತಂಬೂರಿಯ ನಾಲ್ಕು ತಂತಿ ಒಂದಾಗುವ ತನಕ ಹಾಡು ಶುರುವಾಗುವುದಿಲ್ಲ. ಎರಡು ಗಿಟಾರಿನ ಹನ್ನೆರಡು ತಂತಿಗೆ ಅದರ ಕಾಲುಭಾಗ ತಾಳ್ಮೆಯಾದರೂ ಬೇಡವೇ?

ಹುಡುಗರ ತಪ್ಪು ಕ್ಯಾಪೋದಲ್ಲಿತ್ತು. ಕ್ಯಾಪೋ ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ನೆಕ್ಕಿಗೆ ಒತ್ತಿ ಹಿಡಿಯುವ ಕ್ಲಿಪ್, ಫ್ರೆಟ್ ಅಂದರೆ ನೆಕ್ಕಿನ ಮೇಲಿನ ಅಡ್ಡ ಕಡ್ಡಿ. ಈ ಹಾಡಿನ ಮುನ್ನುಡಿಯನ್ನು 7ನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ ಇ ಮೈನರ್ ಹಿಡಿತದಿಂದ ನುಡಿಸುತ್ತಾರೆ. ಆಗ ಅದು ಬಿ ಮೈನರ್ ಆಗಿ ಕೇಳುತ್ತದೆ. ದೊಡ್ಡವನು ಕ್ಯಾಪೋ ಇಲ್ಲದೆ ಟ್ಯೂನ್ ಮಾಡಿ, ಆಮೇಲೆ ಕ್ಯಾಪೋ ಹಾಕಿದ್ದ. ಅದನ್ನೂ ಎರಡು ಫ್ರೆಟ್ ಕಡ್ಡಿಗಳ ನಟ್ಟನಡುವೆ. ಸ್ಪ್ರಿಂಗ್ ಬಿಗಿಯಾಗಿತ್ತು. ತಂತಿ ಮರದ ಕಡೆಗೆ ಬಗ್ಗಿ ಎಳೆತ ಜಾಸ್ತಿಯಾಗಿ ಎಲ್ಲ ಸ್ವರಗಳೂ ಸ್ವಲ್ಪ ಸ್ವಲ್ಪ ಏರಿದ್ದವು. ಒಬ್ಬನೇ ನುಡಿಸುವಾಗ ಎಲ್ಲವೂ ಕೂಡೇ ಏರಿದ್ದರಿಂದ ಅವನ ಕಿವಿಗೆ ಗೊತ್ತಾಗಿರಲಿಲ್ಲ. ಕ್ಯಾಪೋ ಹಾಕದ ಗಿಟಾರ್ ಜೊತೆ ಕೂಡಿದಾಗ ಬಯಲಾಯಿತು.

ಕ್ಯಾಪೋವನ್ನು 7ನೇ ಕಡ್ಡಿಯ ಹಿಂದೆ ತಾಗಿಸಿದ ಹಾಗೆ ಇಡಿ. ಆಮೇಲೆ ಇನ್ನೊಮ್ಮೆ ಟ್ಯೂನ್ ಮಾಡಿ. ಆಗ ಟ್ಯೂನರಿನಲ್ಲಿ ದಪ್ಪ ತಂತಿಯಿಂದ ಕೆಳಗೆ ಬಿ, ಇ, ಎ, ಡಿ, ಎಫ್ ಶಾರ್ಪ್, ಬಿ ಅಂತ ತೋರಿಸಬೇಕು. ಇಷ್ಟಾದ ಮೇಲೂ ಮೇಲಿನ ಫ್ರೆಟ್ಟುಗಳಲ್ಲಿ ಮಾತ್ರ ಬೇಸೂರು ಆದರೆ 12ನೇ ಫ್ರೆಟ್ ಪರೀಕ್ಷೆ ಮಾಡಿ. ಕ್ಯಾಪೋ ತೆಗೆದು, ಆ ಕಡ್ಡಿಯ ಮೇಲೆ ತಂತಿಗೆ ಬೆರಳು ಸುಮ್ನೆ ಮುಟ್ಟಿಸಿ ಹಾರ್ಮೋನಿಕ್ (ಗಂಟೆಯಂಥ ತೆಳು ಸ್ವರ) ಬಾರಿಸಿ, ಆಮೇಲೆ ಅಲ್ಲೇ ಒತ್ತಿ ಬಾರಿಸಿ. ಎರಡೂ ಒಂದೇ ಬರಬೇಕು. ಒತ್ತಿದ್ದು ಏರಿದ್ದರೆ, ಗಿಟಾರಿನ ಹೊಟ್ಟೆಯ ಕಡೆ ತಂತಿ ಕೂರುವ ಬ್ರಿಜ್ ಮೇಲಿನ ಸ್ಯಾಡಲ್ ಹಿಂದಕ್ಕೆ (ನೆಕ್ಕಿನಿಂದ ದೂರ), ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು ಸ್ಕ್ರೂಡ್ರೈವರ್ ಕೆಲಸ. ಅಕೂಸ್ಟಿಕ್ ಆದರೆ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಅದಕ್ಕೂ ಮೊದಲು ತಂತಿ ನೋಡಿಕೊಳ್ಳಿ. ಬೆಳಗಾವಿಯ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಬೆರಳು ಜಾರಿಸಿದಾಗ ಕರ್ರಗೆ ಮಸಿ ಅಂಟಿದರೆ ಆ ತಂತಿಗೆ ಶ್ರುತಿ ನಿಲ್ಲುವುದಿಲ್ಲ. ಸ್ಯಾಡಲ್ ಮುಟ್ಟುವ ಮೊದಲು ಹೊಸ ತಂತಿ ಹಾಕಿ.

ಒಂದು ವಿಚಿತ್ರ ದೋಷವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಪ್ಪ ತಂತಿಯ 3ನೇ ಫ್ರೆಟ್ಟಿನ ಜಿ ಸ್ವರ ಮಾತ್ರ ಹೊಯ್ದಾಡುತ್ತದೆ, ಉಳಿದದ್ದು ಸರಿ ಇದೆ ಅಂತಾದರೆ ಆಂಪ್ಲಿಫೈಯರ್ ಕಡೆ ನೋಡಿ. ನಮ್ಮ ಕರೆಂಟು 50 ಹರ್ಟ್ಜ್. ಆಂಪಿನ ಗುಂಯ್‌ಗುಡುವ ಸದ್ದಿನಲ್ಲಿ ಅದರ ಎರಡು ಪಟ್ಟು, 100 ಹರ್ಟ್ಜ್ ಕೂಡ ಇರುತ್ತದೆ. ಆ ಜಿ ಸ್ವರ 98 ಹರ್ಟ್ಜ್. ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಹೊಯ್ದಾಡುತ್ತವೆ. ಎರಡೂ ಆಂಪುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಗುಂಯ್‌ಗುಡುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಲೋಹದ ತಂತಿ ನಿಮ್ಮ ಕೈಯಲ್ಲಿರುತ್ತದೆ, ಜೀವಕ್ಕೆ ಅಪಾಯ.

ಎಷ್ಟು ಗಿಟಾರ್ ಇವೆ, ಎಣಿಸಿ

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಶ್ರುತಿ ಸರಿಮಾಡಿದ ಮೇಲೆ ಗದ್ದಲ ಅರ್ಧ ಇಳಿಯಿತು. ಇನ್ನರ್ಧ ಉಳಿದಿತ್ತು. ಗಿಟಾರ್ ಕೆಳಗಿಡಿಸಿ, "ಈ ಹಾಡಿನ್ಯಾಗ ಎಷ್ಟು ಗಿಟಾರ್ ಅದಾವು?" ಅಂತ ಕೇಳಿದೆ. ಒಬ್ಬ ಎರಡು ಅಂದ, ಒಬ್ಬ ಮೂರು ಅಂದ. ಕಲಿಯುತ್ತಿರುವ ವಸ್ತುವಿಗೆ ಎಷ್ಟು ಭಾಗ ಇವೆ ಅನ್ನುವುದೇ ಖಾತ್ರಿ ಇಲ್ಲದಿದ್ದರೆ ಜೋಡಿಸುವುದು ಹೇಗೆ?

ರಾಕ್ ಹಾಡುಗಳ ರೆಕಾರ್ಡಿಂಗಿನಲ್ಲಿ ಗಿಟಾರುಗಳನ್ನು ಎಡಕ್ಕೊಂದು ಬಲಕ್ಕೊಂದು ಅಂತ ಹಂಚಿ ಇಟ್ಟಿರುತ್ತಾರೆ. ಹಾಡುವವನ ದನಿ, ಡ್ರಮ್ಮು, ಬೇಸ್ ನಡುವೆ ಇರುತ್ತವೆ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ಎಲ್ಲಾ ಕಲಸಿ ಒಂದಾಗುತ್ತದೆ. ಅದಕ್ಕೇ ವೈರ್ ಇರುವ ಇಯರ್‌ಫೋನ್ ಬೇಕು. ಎಡಗಿವಿಯದನ್ನು ಮಾತ್ರ ಹಾಕಿ ಒಂದು ಸಲ, ಬಲಗಿವಿಯದನ್ನು ಮಾತ್ರ ಹಾಕಿ ಒಂದು ಸಲ ಕೇಳಿ. ಎರಡು ಕಿವಿಯಲ್ಲಿ ಬೇರೆ ಬೇರೆ ಗಿಟಾರ್ ಕೇಳಿದ ಕ್ಷಣ ಚಿಕ್ಕವನ ಕಣ್ಣು ದೊಡ್ಡದಾಯಿತು. ಎರಡು ತಿಂಗಳಿಂದ ಅವನು ಅವೆರಡನ್ನೂ ಒಂದೇ ಅಂದುಕೊಂಡು ಒಂದೇ ಕೈಯಲ್ಲಿ ಬಾರಿಸಲು ಒದ್ದಾಡಿದ್ದ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ 'ಮೋನೋ ಆಡಿಯೋ' ಆನ್ ಆಗಿದ್ದರೆ ಈ ಪರೀಕ್ಷೆ ಫಲ ಕೊಡುವುದಿಲ್ಲ, ಅದನ್ನು ಮೊದಲು ಆಫ್ ಮಾಡಿ.

ಈಗ ಚೌಕುಳಿ ಹಾಳೆ ತೆಗೆಯಿರಿ. ಈ ಹಾಡಿನ ಲಯ ನಿಮಿಷಕ್ಕೆ ಸುಮಾರು 74 ಬೀಟ್. ಮೂಲ ಕಾರ್ಡುಗಳು ಎಂಟು: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಒಂದೊಂದಕ್ಕೆ ನಾಲ್ಕು ಬೀಟ್. ಎಂಟೂ ಸೇರಿ ಒಂದು ಸುತ್ತಿಗೆ ಸುಮಾರು 26 ಸೆಕೆಂಡ್. ಮುನ್ನುಡಿ ಎರಡು ಸುತ್ತು, ಅದಕ್ಕೇ ಹಾಡು ಶುರುವಾಗುವುದು 52ನೇ ಸೆಕೆಂಡಿಗೆ. ಆರೂವರೆ ನಿಮಿಷ ಅಂದರೆ ಇಂಥ 15 ಸುತ್ತಿನಷ್ಟು ಉದ್ದ. ಹಾಳೆಯಲ್ಲಿ ಅಡ್ಡಕ್ಕೆ 15 ಮನೆ ಎಳೆಯಿರಿ. ಕೆಳಕ್ಕೆ ಒಂದೊಂದು ಗಿಟಾರಿಗೆ ಒಂದೊಂದು ಸಾಲು. ನಮ್ಮ ಕಾರ್ಖಾನೆಯ ಜಾಬ್ ಕಾರ್ಡ್ ಇದ್ದ ಹಾಗೆ, ಯಾರು ಯಾವಾಗ ಕೆಲಸದಲ್ಲಿದ್ದಾರೆ ಅನ್ನುವುದು ಒಂದೇ ನೋಟಕ್ಕೆ ಕಾಣಬೇಕು.

ಒಂದು ಸಲ ಕೇಳುವಾಗ ಒಂದೇ ಗಿಟಾರ್ ಹಿಂದೆ ಹೋಗಿ. 12 ತಂತಿಯ ಗಿಟಾರ್ ಎಲ್ಲೆಲ್ಲಿ ಇದೆ, ಅಷ್ಟೇ. ಬಂದಲ್ಲಿ ಟಿಕ್ ಹಾಕಿ, ಇಲ್ಲದಲ್ಲಿ ಖಾಲಿ ಬಿಡಿ. ಮುಂದಿನ ಸಲ ಚಕ್-ಚಕ್ ಅಂತ ತಾಳ ಕೊಡುವ ಎಲೆಕ್ಟ್ರಿಕ್. ಅದರ ಮುಂದಿನ ಸಲ ಹಾಡಿನ ಸಾಲು ಮುಗಿದ ಜಾಗದಲ್ಲಿ ಸಣ್ಣ ಉತ್ತರ ಕೊಟ್ಟು ಹೋಗುವ ಗಿಟಾರ್. ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಮೂರನೆಯ ಸಲ ಕೇಳುವುದಕ್ಕೆ ಬೇಸರ ಬರುತ್ತದೆ. ಐದನೆಯದಕ್ಕೆ ಹಾಡು ಬಿಚ್ಚಿಕೊಳ್ಳುತ್ತದೆ. ನನಗೆ ಗಿಟಾರ್ ನುಡಿಸುವುದಕ್ಕಿಂತ ಈ ಹಾಳೆ ತುಂಬಿಸುವುದೇ ಇಷ್ಟ ಅಂದರೂ ತಪ್ಪಿಲ್ಲ. ಖಾಲಿ ಬಿಟ್ಟ ಮನೆಗಳು ಬಹಳ ಕಲಿಸುತ್ತವೆ. ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ಯಾವ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಅಂಕಿಯಲ್ಲಿ ಬರೆದ) ಪುಸ್ತಕವೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಕಂಪ್ಯೂಟರ್ ಇದ್ದರೆ ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಸಹಾಯಕ್ಕೆ ಬರುತ್ತದೆ. ಎಡ ಬಲ ಬೇರೆ ಮಾಡಬಹುದು, ನಿಧಾನ ಮಾಡಬಹುದು. ನಿಧಾನ ಮಾಡುವಾಗ ಒಂದು ಎಚ್ಚರ. 'ಟೆಂಪೋ' ಬದಲಿಸಿದರೆ ಸ್ವರ ಹಾಗೇ ಉಳಿಯುತ್ತದೆ. 'ಸ್ಪೀಡ್' ಬದಲಿಸಿದರೆ ಸ್ವರವೂ ಇಳಿಯುತ್ತದೆ, ಅರ್ಧ ವೇಗಕ್ಕೆ ಸರಿಯಾಗಿ ಒಂದು ಸಪ್ತಕ ಕೆಳಗೆ. ಮುಕ್ಕಾಲು ವೇಗಕ್ಕೆ ಇಳಿಸಿ ಕಲಿತು, ಆಮೇಲೆ ಎಲ್ಲಾ ಬೇಸೂರು ಅಂತ ಗಾಬರಿಯಾದವರು ಇದ್ದಾರೆ. ಈಗ ಹಾಡಿನಿಂದ ದನಿ, ಡ್ರಮ್, ಬೇಸ್ ಬೇರೆ ಮಾಡಿ ಕೊಡುವ ಆ್ಯಪ್‌ಗಳೂ ಇವೆ. ಅವು ಕಸ ಗುಡಿಸಲು ಒಳ್ಳೆಯವು. ಆದರೆ ಗಿಟಾರುಗಳೆಲ್ಲ ಸಾಮಾನ್ಯವಾಗಿ ಒಂದೇ ಗುಡ್ಡೆಯಾಗಿ ಉಳಿಯುತ್ತವೆ. ಗಿಟಾರಿನಿಂದ ಗಿಟಾರ್ ಬಿಡಿಸುವ ಕೆಲಸ ಹೆಚ್ಚಾಗಿ ಇನ್ನೂ ನಿಮ್ಮ ಕಿವಿಯದೇ.

ಸ್ವರ ಸರಿ, ಆದರೂ ಕೆಸರು

ಇಬ್ಬರೂ ಸರಿಯಾದ ಕಾರ್ಡ್ ಹಿಡಿದಿದ್ದಾರೆ, ಶ್ರುತಿ ಕೂಡಿದೆ, ಆದರೂ ಸ್ಪಷ್ಟ ಕೇಳುತ್ತಿಲ್ಲ. ಆಗ ಇಬ್ಬರೂ ನೆಕ್ಕಿನ ಒಂದೇ ಜಾಗದಲ್ಲಿ ಕೂತಿದ್ದಾರಾ ನೋಡಿ. ಒಬ್ಬನ ಕ್ಯಾಪೋ 7ರಲ್ಲಿದ್ದರೆ ಇನ್ನೊಬ್ಬ ಕ್ಯಾಪೋ ಇಲ್ಲದೆ 2ನೇ ಫ್ರೆಟ್ಟಿನ ಬಿ ಮೈನರ್ ಹಿಡಿಯಬೇಕು. ಒಬ್ಬ ಮಾಳಿಗೆ ಮೇಲೆ, ಇನ್ನೊಬ್ಬ ಕೆಳಗಿನ ಮನೆಯಲ್ಲಿ. ಇಬ್ಬರೂ ಆರಕ್ಕೆ ಆರೂ ತಂತಿ ಬಾರಿಸುವ ಅಗತ್ಯವೂ ಇಲ್ಲ. ಬೇಸ್ ಗಿಟಾರ್ ಇದ್ದರೆ ದಪ್ಪ ತಂತಿ ಎರಡನ್ನು ಅದಕ್ಕೇ ಬಿಟ್ಟುಬಿಡಿ.

12 ತಂತಿಯ ಗಿಟಾರ್ ಎಲ್ಲರ ಹತ್ತಿರ ಇರುವುದಿಲ್ಲ. ಅದರಲ್ಲಿ ದಪ್ಪ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಒಂದು ಸಪ್ತಕ ಮೇಲಿರುತ್ತದೆ, ಸಣ್ಣ ಎರಡು ಜೋಡಿಗಳಲ್ಲಿ ಎರಡೂ ಒಂದೇ ಸ್ವರ. 12 ತಂತಿಯ ಸೆಟ್ ಕೊಂಡು, ಅದರ ತೆಳು ತಂತಿಗಳನ್ನೇ ಒಂದು ಮಾಮೂಲಿ ಗಿಟಾರಿಗೆ ಹಾಕಿ, ಇನ್ನೊಂದು ಮಾಮೂಲಿ ಗಿಟಾರ್ ಜೊತೆ ಒಂದೇ ಹಿಡಿತ ನುಡಿಸಿದರೆ ಆ ಮಿನುಗು ಬಹುಪಾಲು ಬರುತ್ತದೆ. ಇದಕ್ಕೆ ನ್ಯಾಶ್‌ವಿಲ್ ಟ್ಯೂನಿಂಗ್ ಅನ್ನುತ್ತಾರೆ. ಹಳೆಯ ಗಿಟಾರ್ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಖಂಡಿತ ಮಾಡಿ ನೋಡಿ.

ಡಿಸ್ಟಾರ್ಷನ್ (ದನಿಯನ್ನು ಒರಟು ಮಾಡುವ ಎಫೆಕ್ಟ್) ಬಳಸುವವರು ಗೇನ್, ಅಂದರೆ ಆ ಒರಟುತನ ಏರಿಸುವ ಗುಂಡಿ, ಅರ್ಧಕ್ಕೆ ಇಳಿಸಿ. ರೆಕಾರ್ಡಿಂಗಿನಲ್ಲಿ ಭಾರಿಯಾಗಿ ಕೇಳುವುದು ಹಲವು ಪದರ ಸೇರಿರುವುದರಿಂದ. ಒಂದೊಂದು ಪದರದಲ್ಲಿ ಗೇನ್ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಒಂದು ಜಾಗದಲ್ಲಿ ಮಾತ್ರ ಕೆಡುತ್ತದೆ

ಹುಡುಗರು ಕೊನೆಗೆ ಸಿಕ್ಕಿಬಿದ್ದದ್ದು ಇಲ್ಲಿ. ಹಾಡಿನ ಕೊನೆಯ ಎರಡು ನಿಮಿಷ ಪೂರ್ತಿ ಗಿಟಾರ್. ಫೆಲ್ಡರ್ ಮತ್ತು ಅದೇ ತಂಡದ ಜೋ ವಾಲ್ಶ್ ಮೊದಲು ಒಬ್ಬರಾದ ಮೇಲೊಬ್ಬರು ನುಡಿಸಿ, ಆಮೇಲೆ ಜೋಡಿಯಾಗುತ್ತಾರೆ. ಅಲ್ಲಿ ಚಿಕ್ಕವನು ತಾನೇ ಒಂದು ಎರಡನೇ ದನಿ ಕಟ್ಟಿಕೊಂಡಿದ್ದ. ಲೀಡ್ (ಮುಖ್ಯ ಗಿಟಾರ್) ಯಾವ ಸ್ವರ ಹಿಡಿದರೂ ಬಿ ಮೈನರ್ ಸ್ಕೇಲಿನಲ್ಲಿ ಎರಡು ಮೆಟ್ಟಿಲು ಮೇಲಿನದನ್ನು ಹಿಡಿಯುವುದು ಅಂತ. ವಿಚಾರ ಒಳ್ಳೆಯದೇ. ಆದರೆ ಪ್ರತಿ ಸುತ್ತಿನಲ್ಲೂ ಅದೇ ಮೂರು ಜಾಗದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತಿತ್ತು.

ಪ್ರತಿ ಸಲ ಅದೇ ಜಾಗದಲ್ಲಿ ಕೆಡುವುದು ಒಳ್ಳೆಯ ಸುದ್ದಿ. ಎಲ್ಲೆಂದರಲ್ಲಿ ಕೆಟ್ಟರೆ ಹುಡುಕುವುದು ಕಷ್ಟ. ಕೆಡುವ ಕ್ಷಣದಲ್ಲಿ ಯಾವ ಕಾರ್ಡ್ ನಡೆಯುತ್ತಿದೆ ಅಂತ ಬರೆದುಕೊಳ್ಳಲು ಹೇಳಿದೆ. ಬಂದ ಉತ್ತರ: ಎಫ್ ಶಾರ್ಪ್, ಇ, ಮತ್ತೆ ಎಫ್ ಶಾರ್ಪ್.

ನಮ್ಮ ಕೋಣೆಯಲ್ಲಿ ಅವ್ವನ ಭಜನೆಯ ಪೇಟಿ ಇದೆ. ಅದನ್ನು ಎಳೆದುಕೊಂಡು ಭಾತಿ ಒತ್ತಿದೆ. ಎಫ್ ಶಾರ್ಪ್ ಕಾರ್ಡಿನ ಮೂರೂ ಸ್ವರ ಕಪ್ಪು ಮನೆಗಳೇ: ಎಫ್ ಶಾರ್ಪ್, ಎ ಶಾರ್ಪ್, ಸಿ ಶಾರ್ಪ್. ಮೂರನ್ನೂ ಒತ್ತಿ ಹಿಡಿದೆ, ತುಂಬಿದ ದನಿ ಬಂತು. ಅದನ್ನು ಬಿಡದೆ, ನಡುವಿನ ಕಪ್ಪು ಮನೆಯ ಎಡಕ್ಕಿರುವ ಬಿಳಿ ಮನೆಯನ್ನು ಒತ್ತು ಅಂದೆ ಚಿಕ್ಕವನಿಗೆ. ಅದು ಎ. ಅವನು ಒತ್ತಿದ ಕೂಡಲೇ ಪೇಟಿಯೊಳಗೆ ಎರಡು ರೀಡುಗಳು ಜಗಳಕ್ಕೆ ಬಿದ್ದವು. ಮರದ ಹಲಗೆ ನಡುಗುವುದು ಅಂಗೈಗೆ ತಿಳಿಯುತ್ತಿತ್ತು. "ಅಣ್ಣಾ, ಇದ ನೋಡ್ರಿ ಅದು!" ಅಂತ ಕೂಗಿದ.

ವಿಷಯ ಇಷ್ಟೇ. ಬಿ ಯನ್ನು ಷಡ್ಜ ಅಂದುಕೊಂಡರೆ ಈ ಸ್ಕೇಲು ನಮ್ಮ ಹಿಂದುಸ್ತಾನಿಯ ಆಸಾವರಿ ಥಾಟ್ (ರಾಗಗಳ ಮೂಲ ಸ್ವರಸಾಲು). ಗ, ಧ, ನಿ ಮೂರೂ ಕೋಮಲ. ಆದರೆ ಎಫ್ ಶಾರ್ಪ್ ಕಾರ್ಡಿನೊಳಗೆ ಶುದ್ಧ ನಿ ಕೂತಿದೆ, ಇ ಕಾರ್ಡಿನೊಳಗೆ ಶುದ್ಧ ಧ ಕೂತಿದೆ. ಕಾರ್ಡ್ ಶುದ್ಧ ನಿ ಹೇಳುವಾಗ ಎರಡನೇ ಗಿಟಾರ್ ಕೋಮಲ ನಿ ಹೇಳಿದರೆ ಎರಡೂ ಅರ್ಧ ಸ್ವರದ ಅಂತರದಲ್ಲಿ ತಿಕ್ಕಾಡುತ್ತವೆ. ಹಾಗಾಗಿ ಎಫ್ ಶಾರ್ಪ್ ನಡೆಯುವಾಗ ಎ ಬದಲು ಎ ಶಾರ್ಪ್. ಇ ನಡೆಯುವಾಗ ಜಿ ಬದಲು ಜಿ ಶಾರ್ಪ್. ಮರೆಯಬೇಡಿ, ಇ ಆದ ಕೂಡಲೇ ಜಿ ಕಾರ್ಡ್ ಬರುತ್ತದೆ, ಅಲ್ಲಿ ಮತ್ತೆ ಕೋಮಲ ಧಕ್ಕೆ ಇಳಿಯಬೇಕು. ಏಳನೆಯದು ಇ ಮೈನರ್, ಅಲ್ಲೂ ಜಿ ಯೇ. ಇ ಮತ್ತು ಇ ಮೈನರ್ ಎರಡೂ ಒಂದೇ ಸುತ್ತಿನಲ್ಲಿ ಬರುವುದೇ ಈ ಹಾಡಿನ ಚೆಲುವು, ಕಲಿಯುವವರಿಗೆ ಅದೇ ತೊಡಕು.

ಎರಡು ಮೆಟ್ಟಿಲು ಅಂದರೆ ಯಾವಾಗಲೂ ಅಷ್ಟೇ ಫ್ರೆಟ್ ಅಂತಲೂ ಅಲ್ಲ. ಬಿ, ಸಿ ಶಾರ್ಪ್, ಇ, ಎಫ್ ಶಾರ್ಪ್ ಮೇಲೆ ಮೂರು ಫ್ರೆಟ್ ದೂರ. ಡಿ, ಜಿ, ಎ ಮೇಲೆ ನಾಲ್ಕು. ಕೈ ಒಂದೇ ಅಳತೆಯಲ್ಲಿ ಸರಿಯುತ್ತಾ ಹೋದರೆ ಅರ್ಧಕ್ಕರ್ಧ ಸ್ವರ ತಪ್ಪುತ್ತವೆ. ನಿಜ ಹೇಳಬೇಕೆಂದರೆ ಈ ಹಾಡಿನ ಕೊನೆಗೆ ಸ್ಕೇಲ್ ಲೆಕ್ಕ ಬೇಕಾಗಿಯೇ ಇಲ್ಲ. ಅಲ್ಲಿ ಎರಡೂ ಗಿಟಾರ್ ಆಯಾ ಕಾರ್ಡಿನ ಸ್ವರಗಳನ್ನೇ ಒಂದೊಂದಾಗಿ ಬಿಡಿಸುತ್ತಾ ಹೋಗುತ್ತವೆ. ಕಾರ್ಡಿನ ಮೂರು ಸ್ವರ ಬರೆದುಕೊಳ್ಳಿ. ಒಬ್ಬ ಒಂದರಿಂದ ಶುರು ಮಾಡಲಿ, ಇನ್ನೊಬ್ಬ ಅದರ ಮುಂದಿನದರಿಂದ. ತಪ್ಪಲು ಜಾಗವೇ ಇರುವುದಿಲ್ಲ.

ಈ ಜೋಡಿ ಸ್ವರಗಳನ್ನು ಒಬ್ಬನೇ ಒಂದೇ ಗಿಟಾರಿನಲ್ಲಿ, ಡಿಸ್ಟಾರ್ಷನ್ ಹಾಕಿ ನುಡಿಸಲು ಹೋದರೆ ಗರಗರ ಅನ್ನುತ್ತದೆ. ಎರಡು ಸ್ವರ ಒಂದೇ ಡಿಸ್ಟಾರ್ಷನ್ ಒಳಗೆ ಹೋದಾಗ ಅವುಗಳ ಕೂಡಿಕೆ, ಕಳೆಯುವಿಕೆಯ ಹೊಸ ಸ್ವರಗಳೂ ಹುಟ್ಟುತ್ತವೆ. ಇಬ್ಬರು, ಎರಡು ಆಂಪು, ತಲಾ ಒಂದೊಂದು ಸ್ವರ ನುಡಿಸಿದರೆ ಅದೇ ಜೋಡಿ ಜೇನಿನ ಹಾಗೆ ಕೇಳುತ್ತದೆ. ಅದು ಕೈಯ ದೋಷ ಅಲ್ಲ.

ಲಯ

ಇದಕ್ಕೆ ಪರೀಕ್ಷೆ ಒಂದೇ. ಎಡಗೈಯಿಂದ ತಂತಿಗಳನ್ನು ಮುಚ್ಚಿ, ಇಬ್ಬರೂ ಬರೀ ಬಲಗೈ ಆಡಿಸಿ. ಸ್ವರ ಇಲ್ಲದಾಗ ಯಾರು ಓಡುತ್ತಾರೆ, ಯಾರು ಎಳೆಯುತ್ತಾರೆ ತಕ್ಷಣ ಕಾಣುತ್ತದೆ. ಈ ಹಾಡಿನಲ್ಲಿ ರೆಗೆ ಸಂಗೀತದ ಛಾಯೆ ಇದೆ. ಒಂದು ಗಿಟಾರ್ ಬೀಟಿನ ಮೇಲೆ ಬೀಳುವುದಿಲ್ಲ, ಬೀಟಿನ ಸಂದಿಯಲ್ಲಿ ಬೀಳುತ್ತದೆ. ಅದನ್ನು ನುಡಿಸುವವನು ಕಾಲಿನಿಂದ ಬೀಟ್ ಹಾಕದಿದ್ದರೆ ನಾಲ್ಕು ಸಾಲಿನೊಳಗೆ ಜಾರಿ ಬೀಟಿನ ಮೇಲೆಯೇ ಕೂತಿರುತ್ತಾನೆ.

ಬ್ಲೂಟೂತ್ ವಿಷಯ ಮಾತ್ರ ಬಿಡಿಸಿ ಹೇಳಬೇಕು. ದೊಡ್ಡವನು ಮನೆಯಲ್ಲಿ ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಹಚ್ಚಿಕೊಂಡು ತನ್ನ ಗಿಟಾರನ್ನು ರೆಕಾರ್ಡ್ ಮಾಡಿದ್ದ. ಕೂಡಿಸಿ ಕೇಳಿದರೆ ಎಲ್ಲಾ ತಡ. ತನಗೆ ಲಯವೇ ಇಲ್ಲ ಅಂತ ಕೊರಗುತ್ತಿದ್ದ. ಬ್ಲೂಟೂತಿನಲ್ಲಿ ಸದ್ದು ಕಿವಿ ಸೇರುವುದಕ್ಕೆ 150ರಿಂದ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲು. ನಿಮಿಷಕ್ಕೆ 74 ಬೀಟ್ ಅಂದರೆ ಒಂದು ಬೀಟಿನ ಕಾಲು ಭಾಗ ಸುಮಾರು 200 ಮಿಲಿಸೆಕೆಂಡ್. ಅಂದರೆ ಅವನು ತಡವಾಗಿ ಬಂದ ಹಾಡಿಗೆ ಸರಿಯಾಗಿ ನುಡಿಸಿದ್ದ, ರೆಕಾರ್ಡಿಂಗಿನಲ್ಲಿ ಅದು ಕಾಲು ಬೀಟ್ ಹಿಂದೆ ಬಿದ್ದಿತ್ತು. ವೈರಿನ ಇಯರ್‌ಫೋನ್ ಕೊಟ್ಟು ಮತ್ತೆ ಮಾಡಿಸಿದೆ. ಕೂತಲ್ಲೇ ಕೂತಿತು. ಹುಡುಗನ ಮೇಲೆ ಸುಮ್ನೆ ಬಂದಿದ್ದ ಅಪವಾದ ಹೋಯಿತು ಅಂತ ನನಗೆ ಬಹಳ ಸಮಾಧಾನವಾಯಿತು.

ನಡುವೆ ದಾರಿ ತಪ್ಪುವುದು, ಕೊನೆಗೆ ನಿಲ್ಲಿಸಲು ಬಾರದಿರುವುದು

ಉದ್ದ ಹಾಡಿನಲ್ಲಿ ಒಂದೇ ಸುತ್ತು ಮತ್ತೆ ಮತ್ತೆ ಬರುವುದರಿಂದ, ಈಗ ಎಷ್ಟನೆಯದು ಅಂತ ಮರೆತುಹೋಗುತ್ತದೆ. ಮೊದಲಿನಿಂದ ಶುರು ಮಾಡಿ ತಪ್ಪಿದಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೋದರೆ ಮುನ್ನುಡಿ ಮಾತ್ರ ಗಟ್ಟಿಯಾಗುತ್ತದೆ. ಚೌಕುಳಿ ಹಾಳೆಯ ಕೊನೆಯ ಮನೆಯಿಂದ ಶುರು ಮಾಡಿ. ಅದು ಬಂದ ಮೇಲೆ ಅದರ ಹಿಂದಿನದು, ಆಮೇಲೆ ಎರಡೂ ಕೂಡಿ. ಹೀಗೆ ಹಿಂದಕ್ಕೆ ಬಂದರೆ ನುಡಿಸುವಾಗ ಪ್ರತಿ ಹೆಜ್ಜೆಗೂ ಪರಿಚಯದ ಜಾಗಕ್ಕೇ ಹೋಗುತ್ತಿರುತ್ತೀರಿ.

ಆಲ್ಬಮ್ಮಿನಲ್ಲಿ ಈ ಹಾಡಿಗೆ ಮುಕ್ತಾಯವೇ ಇಲ್ಲ. ಗಿಟಾರುಗಳು ನುಡಿಯುತ್ತಿರುವಾಗಲೇ ಸದ್ದು ನಿಧಾನಕ್ಕೆ ಆರುತ್ತದೆ. ಕೋಣೆಯಲ್ಲಿ ಹಾಗೆ ಆಗುವುದಿಲ್ಲ, ಯಾರಾದರೂ ನಿಲ್ಲಿಸಬೇಕು. ಹುಡುಗರಿಗೆ ಹೀಗೆ ಗೊತ್ತು ಮಾಡಿಕೊಟ್ಟೆ: ಕೊನೆಯ ಸುತ್ತಿನ ಇ ಮೈನರಿನಲ್ಲಿ ದೊಡ್ಡವನು ತಲೆ ಎತ್ತಿ ನೋಡಬೇಕು, ಎಫ್ ಶಾರ್ಪಿನಲ್ಲಿ ಇಬ್ಬರೂ ನಿಧಾನ ಮಾಡಬೇಕು, ಬಿ ಮೈನರಿಗೆ ಬಂದು ಒಂದೇ ಹೊಡೆತ ಹೊಡೆದು ತಂತಿ ತಾನಾಗಿ ಆರುವ ತನಕ ಬಿಡಬೇಕು. ರಾತ್ರಿ ಎಂಟೂವರೆಗೆ ಅವರು ಹಾಗೆ ನಿಲ್ಲಿಸಿದಾಗ ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು. ಆ ಬಿ ಮೈನರ್ ಪೂರ್ತಿ ಆರುವವರೆಗೂ ಕೇಳಿದೆ. ಹೊಯ್ದಾಟ ಇರಲಿಲ್ಲ.